ಪಿತ್ತನಾಳದ ಕ್ಯಾನ್ಸರ್ ಕೋಶಗಳ ಮೇಲೆ ಸಸ್ಯಜನ್ಯ ಸಂಯುಕ್ತಗಳ ಪರೀಕ್ಷೆ: ಎಂಟಿಟಿ ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬಹುದು?

ಗಿಡಮೂಲ_ಬೆಂಚು (ಪ್ರಶ್ನೆ)

ನಮಸ್ಕಾರ. ಪಿತ್ತನಾಳದ ಕ್ಯಾನ್ಸರ್, ಅಂದರೆ ಕೊಲಾಂಜಿಯೋಕಾರ್ಸಿನೋಮ, ಇದರ ಸೆಲ್ ಲೈನ್‌ಗಳ (ಲ್ಯಾಬಿನಲ್ಲಿ ಬೆಳೆಸುತ್ತಾ ಬರುವ ಕೋಶವಂಶಗಳ) ಮೇಲೆ ಮೂರು ಸಂಯುಕ್ತಗಳನ್ನು ನೋಡುವ ಯೋಜನೆ ಇದೆ: ಅರಿಶಿನದ ಕರ್ಕ್ಯುಮಿನ್, ಚಿತ್ರಮೂಲದ ಪ್ಲಂಬಾಜಿನ್, ಮರದರಿಶಿನದ ಬರ್ಬೆರಿನ್. ಮೂರೂ ಕೊಂಡು ತಂದ ಪುಡಿಗಳು, ಕಚ್ಚಾ ಸಾರವಲ್ಲ.

ಲೈನ್‌ಗಳು ಕೆಕೆಯು-213ಎ, ಹುಸಿಸಿಟಿ-1, ಕ್ಯೂಬಿಸಿ-939. ಸಹಜ ಕೋಶದ ಹೋಲಿಕೆಗೆ ಎಂಎಂಎನ್‌ಕೆ-1. 96 ವೆಲ್ (ಪುಟ್ಟ ಗುಳಿ) ಇರುವ ಪ್ಲೇಟಿನಲ್ಲಿ ಎಲ್ಲಕ್ಕೂ ವೆಲ್‌ಗೆ 5,000 ಕೋಶ, ಮಾರನೇ ದಿನ ಸಂಯುಕ್ತ, 24, 48, 72 ಗಂಟೆಗೆ ಎಂಟಿಟಿ (ಬದುಕಿರುವ ಕೋಶ ಹಳದಿ ಎಂಟಿಟಿಯನ್ನು ನೇರಳೆ ಫಾರ್ಮಜಾನ್ ಮಾಡುವ ಬಣ್ಣದ ಪರೀಕ್ಷೆ). ಸ್ಟಾಕ್ (ಗಟ್ಟಿ ಮೂಲ ದ್ರಾವಣ) ಎಲ್ಲವೂ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ 10 ಮಿಲಿಮೋಲಾರ್, ವೆಲ್‌ನಲ್ಲಿ 1ರಿಂದ 200 ಮೈಕ್ರೋಮೋಲಾರ್. ಆಮೇಲೆ ಕೀಮೋ ಔಷಧಿಗಳಾದ ಜೆಮ್ಸಿಟಬಿನ್, ಸಿಸ್‌ಪ್ಲಾಟಿನ್ ಜೊತೆ ಸೇರಿಸಿ ನೋಡುವುದು, ಸಾಯುತ್ತಿರುವ ಕೋಶಗಳನ್ನು ಗುರುತಿಸುವ ಅನೆಕ್ಸಿನ್-ಫಿಟ್ಸಿ ಮತ್ತು ಪಿಐ ಬಣ್ಣ ಹಾಕಿ ಫ್ಲೋ ಸೈಟೋಮೆಟ್ರಿ (ಕೋಶಗಳನ್ನು ಒಂದೊಂದಾಗಿ ಎಣಿಸುವ ಯಂತ್ರ), ಕೊನೆಗೆ ಎನ್‌ಎಸಿ ಎಂಬ ಆಂಟಿಆಕ್ಸಿಡೆಂಟಿನಿಂದ ತಡೆಯಾಗುತ್ತದೆಯೇ ಎಂದು ಪರೀಕ್ಷೆ.

ಒಂದು ವಿಚಿತ್ರ: ಕರ್ಕ್ಯುಮಿನ್ 50 ಮೈಕ್ರೋಮೋಲಾರ್ ದಾಟಿದ ಮೇಲೆ ಎಂಟಿಟಿಯ ಓಡಿ (ಬೆಳಕು ತಡೆಯುವ ಅಳತೆ) ಇಳಿಯುವುದು ಬಿಟ್ಟು ಏರುತ್ತದೆ, ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅಂಟಿಕೊಂಡ ಕೋಶಗಳೇ ಇರುವುದಿಲ್ಲ. ಯೋಜನೆಯಲ್ಲಿ ಇನ್ನೆಲ್ಲಿ ಎಡವಬಹುದು, ಯಾವ ಕ್ರಮದಲ್ಲಿ ಹೋಗುವುದು ಒಳ್ಳೆಯದು?

ಕೋಶಸಂಗಾತಿ

ಕೋಶಗಳಿಂದಲೇ ಶುರು ಮಾಡೋಣ. ಕ್ಯೂಬಿಸಿ-939 ಅನ್ನು ಇವತ್ತೇ ಕೈಬಿಡಿ. ಅದು ಪಿತ್ತನಾಳದ್ದಲ್ಲ, ಹೀಲಾ ಬೆರೆತ ಲೈನ್ ಎಂದು ಗುರುತಾಗಿದೆ. ಗರ್ಭಕಂಠದ ಕ್ಯಾನ್ಸರ್ ಕೋಶದ ಮೇಲೆ ಪ್ರಯೋಗ ಮಾಡಿ ಪಿತ್ತನಾಳದ ಹೆಸರಿನಲ್ಲಿ ಬರೆದಂತಾಗುತ್ತದೆ. ಆ ಹೆಸರಿನ ಪ್ರಬಂಧಗಳು ಇನ್ನೂ ಸಾಕಷ್ಟು ಓಡಾಡುತ್ತಿವೆ, ನಿಮ್ಮ ಹೋಲಿಕೆಯ ಪಟ್ಟಿಯಿಂದ ಅವನ್ನೂ ತೆಗೆಯಿರಿ. ಉಳಿದ ಲೈನ್‌ಗಳಿಗೂ ಎಸ್‌ಟಿಆರ್ ಪ್ರೊಫೈಲ್ (ಡಿಎನ್‌ಎ ಗುರುತು ಪರೀಕ್ಷೆ) ಮಾಡಿಸಿ, ಕೋಶಗಳಿಗೆ ತಗಲುವ ಬ್ಯಾಕ್ಟೀರಿಯಾ ಮೈಕೋಪ್ಲಾಸ್ಮಾದ ಪಿಸಿಆರ್ ತಿಂಗಳಿಗೊಮ್ಮೆ ಇರಲಿ.

ಅದರ ಜಾಗಕ್ಕೆ ಆರ್‌ಬಿಇ ಒಳ್ಳೆಯ ಆಯ್ಕೆ. ಯಕೃತ್ತಿನೊಳಗಿನ ಪಿತ್ತನಾಳದ ಗೆಡ್ಡೆಗಳಲ್ಲಿ ಮುಖ್ಯವಾದ ಐಡಿಎಚ್-1 ಮ್ಯುಟೇಶನ್ ಅದರಲ್ಲಿದೆ. ಹುಸಿಸಿಟಿ-1ರಲ್ಲಿ ಕೆರಾಸ್ ಜಿ12ಡಿ ಮ್ಯುಟೇಶನ್ ಇದೆ. ಯಕೃತ್ತಿನ ಹೊರಗಿನ ನಾಳದ್ದೂ ಒಂದು ಬೇಕೆಂದರೆ ಟಿಎಫ್‌ಕೆ-1. ಪಿತ್ತನಾಳದ ಕ್ಯಾನ್ಸರ್ ಎಂಬುದು ಒಂದೇ ಕಾಯಿಲೆಯಲ್ಲ, ಹಾಗಾಗಿ ಒಂದೇ ಬಗೆಯ ಮೂರು ಲೈನ್‌ಗಿಂತ ಬೇರೆ ಬೇರೆ ಹಿನ್ನೆಲೆಯ ಮೂರು ಲೈನ್ ಮೇಲು.

ಎಲ್ಲಕ್ಕೂ 5,000 ಕೋಶ ಎಂಬುದು ಸರಿಹೋಗದು. ಕೆಕೆಯು-213ಎ ವೇಗವಾಗಿ ಬೆಳೆಯುತ್ತದೆ, 72 ಗಂಟೆಗೆ ಕಂಟ್ರೋಲ್ ವೆಲ್ ತುಂಬಿ ಬೆಳವಣಿಗೆ ನಿಂತುಬಿಡುತ್ತದೆ. ಕಂಟ್ರೋಲ್ ನಿಂತರೆ ಔಷಧಿಯ ಪರಿಣಾಮ ಕಡಿಮೆ ಕಾಣುತ್ತದೆ. ಮೊದಲು ಔಷಧಿಯಿಲ್ಲದೆ 500, 1,000, 2,000, 4,000, 8,000 ಹಾಕಿ ನಾಲ್ಕು ದಿನದ ಬೆಳವಣಿಗೆ ರೇಖೆ ತೆಗೆದು, ಕೊನೆಯ ದಿನವೂ ಏರುಗತಿಯಲ್ಲೇ ಇರುವ ಸಂಖ್ಯೆಯನ್ನು ಪ್ರತಿ ಲೈನ್‌ಗೂ ಆರಿಸಿ. ಅಂಚಿನ 36 ವೆಲ್‌ಗಳಿಗೆ ಬರೀ ಬಫರ್ ತುಂಬಿಸಿ, ಅಲ್ಲಿ ಆವಿಯಾಗುವುದು ಹೆಚ್ಚು.

ಇನ್ನು ನಿಜವಾದ ಬಲೆ ಇರುವುದು "ಸಹಜ ಕೋಶಕ್ಕೆ ಏನೂ ಆಗಲಿಲ್ಲ" ಎಂಬ ತೀರ್ಮಾನದಲ್ಲಿ. ಲೆಕ್ಕ ನೋಡಿ. ಔಷಧಿ ಹಾಕುವ ಕ್ಷಣದಲ್ಲಿ ಓಡಿ 0.30. ವೇಗದ ಲೈನ್‌ನಲ್ಲಿ ಕಂಟ್ರೋಲ್ 1.20ಕ್ಕೆ ಹೋಯಿತು, ಔಷಧಿಯ ವೆಲ್ 0.60ಕ್ಕೆ. ಶೇಕಡಾ 50 ಉಳಿವು ಅಂತ ಬರೆಯುತ್ತೀರಿ, ಆದರೆ ಆ ಕೋಶಗಳು 0.30ರಿಂದ 0.60ಕ್ಕೆ ದುಪ್ಪಟ್ಟಾಗಿವೆ, ಸಾವು ನಡೆದಿದೆ ಎನ್ನಲು ಏನೂ ಇಲ್ಲ. ಬೆಳವಣಿಗೆಯ ವೇಗ ಅರ್ಧಕ್ಕಿಳಿದಿದೆ, ಅಷ್ಟೇ. ನಿಧಾನದ ಲೈನ್‌ನಲ್ಲಿ ಕಂಟ್ರೋಲ್ ಅದೇ ಅವಧಿಯಲ್ಲಿ 0.30ರಿಂದ 0.60ಕ್ಕೆ ಹೋಗುತ್ತದೆ ಅಂದುಕೊಳ್ಳಿ. ಅಲ್ಲೂ ವೇಗ ಅರ್ಧಕ್ಕೇ ಇಳಿದರೆ ಔಷಧಿಯ ವೆಲ್ ಸುಮಾರು 0.42, ಅಂದರೆ ಶೇಕಡಾ 71. ಪರಿಣಾಮ ಒಂದೇ, ಕಾಗದದ ಮೇಲೆ ಮಾತ್ರ 50ಕ್ಕೆ 71, "ಕ್ಯಾನ್ಸರ್ ಕೋಶಕ್ಕೆ ಮಾತ್ರ ತಾಗುತ್ತದೆ" ಎಂಬ ವಾಕ್ಯ ಸಿದ್ಧ. ಇದನ್ನು ತಪ್ಪಿಸಲು ಔಷಧಿ ಹಾಕುವ ಹೊತ್ತಿಗೇ ಒಂದು ಪ್ಲೇಟನ್ನು ನಿಲ್ಲಿಸಿ ಅಳೆಯಿರಿ, ಜಿಆರ್ ಮೌಲ್ಯ (ಕಂಟ್ರೋಲಿನ ಬೆಳವಣಿಗೆ ವೇಗಕ್ಕೆ ಹೋಲಿಸಿದ ಅಳತೆ) ಲೆಕ್ಕ ಹಾಕಿ. ಮೇಲಿನ ಎರಡೂ ಉದಾಹರಣೆಗಳಲ್ಲಿ ಜಿಆರ್ 0.41 ಬರುತ್ತದೆ. ಸೊನ್ನೆ ಬಂದರೆ ಬೆಳವಣಿಗೆ ನಿಂತಿದೆ, ಸೊನ್ನೆಗಿಂತ ಕೆಳಗೆ ಹೋದರೆ ಮಾತ್ರ ಕೋಶ ಕಡಿಮೆಯಾಗಿದೆ.

ಎಂಎಂಎನ್‌ಕೆ-1 ಕೂಡ ಪೂರ್ತಿ ಸಹಜವಲ್ಲ. ಎಸ್‌ವಿ40 ವೈರಸ್ಸಿನ ಲಾರ್ಜ್ ಟಿ ಮತ್ತು ಟೆಲೋಮರೇಸ್ ಸೇರಿಸಿ ಅಮರಗೊಳಿಸಿದ ಕೋಶ ಅದು. ಲಾರ್ಜ್ ಟಿ ಪ್ರೋಟೀನು, ಹಾನಿಗೊಂಡ ಕೋಶವನ್ನು ಸಾವಿಗೆ ತಳ್ಳುವ ಪಿ53 ಪ್ರೋಟೀನನ್ನು ಕಟ್ಟಿಹಾಕುತ್ತದೆ. ಪಿ53 ಮೂಲಕ ಕೊಲ್ಲುವ ಸಂಯುಕ್ತ ಅಲ್ಲಿ ಸೌಮ್ಯವಾಗಿ ಕಂಡರೆ ಆಶ್ಚರ್ಯವಿಲ್ಲ. ಹೋಲಿಕೆಗೆ ಇಟ್ಟುಕೊಳ್ಳಿ, ಆದರೆ ಅದೊಂದನ್ನೇ ನಂಬಿ ಆಯ್ಕೆಸೂಚ್ಯಂಕ (ಸಹಜ ಕೋಶಕ್ಕಿಂತ ಕ್ಯಾನ್ಸರ್ ಕೋಶಕ್ಕೆ ಎಷ್ಟು ಪಟ್ಟು ಹೆಚ್ಚು ತಾಗುತ್ತದೆ ಎಂಬ ಅಂಕಿ) ಬರೆಯಬೇಡಿ. ಪ್ರಾಥಮಿಕ ಯಕೃತ್ ಕೋಶ ಸಿಕ್ಕರೆ ಅದನ್ನೂ ಸೇರಿಸಿ, ಬಾಯಿಂದ ಕೊಟ್ಟ ಸಂಯುಕ್ತವನ್ನು ಮೊದಲು ಎದುರಿಸುವುದು ಯಕೃತ್ತೇ.

ಸಾರ_ಶೋಧಕ

ಓಡಿ ಏರುವುದಕ್ಕೆ ಕಾರಣ ಬಹುಮಟ್ಟಿಗೆ ರಸಾಯನಶಾಸ್ತ್ರ, ಕೋಶವಲ್ಲ. ಫೀನಾಲಿಕ್ ಸಂಯುಕ್ತಗಳು ಎಂಟಿಟಿಯನ್ನು ತಾವೇ ನೇರವಾಗಿ ಫಾರ್ಮಜಾನ್ ಮಾಡಬಲ್ಲವು. ಮೇಲಾಗಿ ಕರ್ಕ್ಯುಮಿನ್ ಹಳದಿ, 425 ನ್ಯಾನೋಮೀಟರ್ ಸುತ್ತ ಬಲವಾಗಿ ಬೆಳಕು ಹೀರುತ್ತದೆ. ಆ ಸಾಂದ್ರತೆಯಲ್ಲಿ ಕರಗದೆ ಉಳಿದ ಕಣಗಳು ಬೆಳಕನ್ನು ಚದುರಿಸುತ್ತವೆ, ಆಗ 570ರಲ್ಲೂ ಓಡಿ ಬರುತ್ತದೆ. ಪರೀಕ್ಷೆ ಸುಲಭ: ಕೋಶವಿಲ್ಲದ ವೆಲ್‌ಗೆ ಮೀಡಿಯಾ, ಸಂಯುಕ್ತ, ಎಂಟಿಟಿ ಹಾಕಿ ಅಷ್ಟೇ ಹೊತ್ತು ಇಡಿ. ನೇರಳೆ ಬಂದರೆ ಉತ್ತರ ಸಿಕ್ಕಿತು. ಈ ಕಂಟ್ರೋಲ್ ಪ್ರತಿ ಸಾಂದ್ರತೆಗೂ ಬೇಕು, ಒಂದಕ್ಕೆ ಮಾಡಿದರೆ ಸಾಲದು.

ನನ್ನ ಸಲಹೆ ಎಸ್‌ಆರ್‌ಬಿಗೆ (ಕೋಶದ ಪ್ರೋಟೀನಿಗೆ ಅಂಟುವ ಬಣ್ಣದ ಪರೀಕ್ಷೆಗೆ) ಹೋಗಿ. 200 ಮೈಕ್ರೋಲೀಟರ್ ಮೀಡಿಯಾ ಇರುವ ವೆಲ್‌ಗೆ, ಮೀಡಿಯಾ ಚೆಲ್ಲದೆಯೇ, ತಣ್ಣಗಿನ ಶೇಕಡಾ 50ರ ಟಿಸಿಎ ಆಮ್ಲ 50 ಮೈಕ್ರೋಲೀಟರ್ ಮೆಲ್ಲಗೆ ಬಿಡಿ. ಅಂತಿಮ ಶೇಕಡಾ 10 ಆಗುತ್ತದೆ. 4 ಡಿಗ್ರಿಯಲ್ಲಿ ಒಂದು ಗಂಟೆ. ನಾಲ್ಕೈದು ಸಲ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಶೇಕಡಾ 1 ಅಸಿಟಿಕ್ ಆಮ್ಲದಲ್ಲಿ ಶೇಕಡಾ 0.4 ಎಸ್‌ಆರ್‌ಬಿ 30 ನಿಮಿಷ. ಅದೇ ಶೇಕಡಾ 1 ಆಮ್ಲದಿಂದ ತೊಳೆಯಿರಿ. ಇಲ್ಲಿ ನೀರು ಬಳಸಿದರೆ ಬಣ್ಣ ಬಿಟ್ಟುಹೋಗುತ್ತದೆ. ಒಣಗಿದ ಮೇಲೆ ಪಿಹೆಚ್ 10.5ರ 10 ಮಿಲಿಮೋಲಾರ್ ಟ್ರಿಸ್ ಬೇಸ್ 200 ಮೈಕ್ರೋಲೀಟರ್, ಐದು ನಿಮಿಷ ಅಲುಗಾಡಿಸಿ 540ರಲ್ಲಿ ಓದಿ. ಸತ್ತೂ ಬಿಡದೆ ಅಂಟಿಕೊಂಡಿರುವ ಕೋಶವನ್ನೂ ಎಸ್‌ಆರ್‌ಬಿ ಎಣಿಸುತ್ತದೆ, ಅದು ಅದರ ದೌರ್ಬಲ್ಯ. ಎಟಿಪಿ-ಲುಸಿಫರೇಸ್ ಕಿಟ್ ಬಳಸುವುದಾದರೆ ಒಂದು ಎಚ್ಚರ: ರೆಸ್ವೆರಟ್ರಾಲ್‌ನಂಥವು ಲುಸಿಫರೇಸ್ ಕಿಣ್ವವನ್ನೇ ತಡೆಯುತ್ತವೆ, ಕೋಶ ಸಾಯದೆಯೇ ಬೆಳಕು ಇಳಿಯುತ್ತದೆ.

ಬರ್ಬೆರಿನ್‌ಗೆ ಎಂಟಿಟಿ ಇನ್ನೊಂದು ಬಗೆಯಲ್ಲಿ ಮೋಸ. ಅದು ಮೈಟೋಕಾಂಡ್ರಿಯಾದಲ್ಲಿ ಸೇರಿಕೊಂಡು ಅಲ್ಲಿನ ಉಸಿರಾಟದ ಕಿಣ್ವ ಕಾಂಪ್ಲೆಕ್ಸ್ 1 ಅನ್ನು ತಡೆಯುತ್ತದೆ. ಕೋಶ ಬದುಕಿದ್ದರೂ ಬಣ್ಣ ಕಡಿಮೆ. ಮೀಡಿಯಾ ಬೇಗ ಹಳದಿಗೆ ತಿರುಗಿದರೆ ಕೋಶ ಗ್ಲೂಕೋಸ್ ಒಡೆದು ಲ್ಯಾಕ್ಟೇಟ್ ಸುರಿಯುತ್ತಿದೆ ಎಂದು ತಿಳಿಯಿರಿ. ಗ್ಲೂಕೋಸ್ ಬದಲು ಗ್ಯಾಲಕ್ಟೋಸ್ ಇರುವ ಮೀಡಿಯಾದಲ್ಲಿ ಒಮ್ಮೆ ಮಾಡಿ ನೋಡಿ, ಅಲ್ಲಿ ಪರಿಣಾಮ ತೀವ್ರವಾದರೆ ಗುರಿ ಮೈಟೋಕಾಂಡ್ರಿಯಾ ಎನ್ನಲು ಒಂದು ಆಧಾರ.

ಈಗ ಸ್ಟಾಕ್. 10 ಮಿಲಿಮೋಲಾರ್‌ನಿಂದ 200 ಮೈಕ್ರೋಮೋಲಾರ್ ಮಾಡಿದರೆ ವೆಲ್‌ನಲ್ಲಿ ಡಿಎಂಎಸ್‌ಒ ಶೇಕಡಾ 2. ಡಿಎಂಎಸ್‌ಒ ತಾನೇ ಕೋಶಗಳನ್ನು ಕುಗ್ಗಿಸುತ್ತದೆ. ಗರಿಷ್ಠ 50 ಮೈಕ್ರೋಮೋಲಾರ್ ಸಾಕು. ಅದಕ್ಕಿಂತ ಮೇಲೆ ಕೆಲಸ ಮಾಡುವ ಸಂಯುಕ್ತದಿಂದ ಔಷಧಿ ಹುಟ್ಟುವುದು ಅಪರೂಪ. 50 ಮಿಲಿಮೋಲಾರ್ ಸ್ಟಾಕ್ ಮಾಡಿಕೊಂಡು, ಅರ್ಧ-ಲಾಗ್ ಹೆಜ್ಜೆಯಲ್ಲಿ ಎಂಟು ಡೈಲ್ಯೂಷನ್ ಅನ್ನು ಶುದ್ಧ ಡಿಎಂಎಸ್‌ಒದಲ್ಲೇ ಮಾಡಿ. ಪ್ರತಿಯೊಂದನ್ನೂ ಮೀಡಿಯಾಕ್ಕೆ 1:500 ಬೆರೆಸಿ, ಅದರಲ್ಲಿ 100 ಮೈಕ್ರೋಲೀಟರ್ ಅನ್ನು 100 ಮೈಕ್ರೋಲೀಟರ್ ಕೋಶಗಳ ಮೇಲೆ ಹಾಕಿ. ಎಲ್ಲ ವೆಲ್‌ನಲ್ಲೂ ಡಿಎಂಎಸ್‌ಒ ಶೇಕಡಾ 0.1 ಬರುತ್ತದೆ. ಮೀಡಿಯಾದಲ್ಲೇ ಸರಣಿ ಇಳಿಸುತ್ತಾ ಹೋದರೆ ಮೊದಲ ಕೊಳವೆಯಲ್ಲಿ ಕರಗದೆ ಬೇರ್ಪಟ್ಟ ಕಣ ಮುಂದಿನದಕ್ಕೂ ಹೋಗುತ್ತದೆ, ಡಿಎಂಎಸ್‌ಒ ಪ್ರಮಾಣವೂ ವೆಲ್‌ನಿಂದ ವೆಲ್‌ಗೆ ಬದಲಾಗುತ್ತದೆ. ಬರ್ಬೆರಿನ್ ಕ್ಲೋರೈಡ್ ಅಷ್ಟು ಗಟ್ಟಿಯಾಗಿ ಕರಗದಿದ್ದರೆ ಅದೊಂದಕ್ಕೆ ಕಡಿಮೆ ಸ್ಟಾಕ್, ಕಡಿಮೆ ಗರಿಷ್ಠ. ಹಾಕಿದ ಎರಡು ಗಂಟೆಯ ನಂತರ ಪ್ಲೇಟನ್ನು ಮೈಕ್ರೋಸ್ಕೋಪ್ ಕೆಳಗಿಟ್ಟು ಹರಳು, ಸೂಜಿ, ಹನಿ ಇದೆಯೇ ನೋಡಿ. ಇದ್ದರೆ ಆ ಸಾಂದ್ರತೆ ಲೆಕ್ಕಕ್ಕಿಲ್ಲ.

ಸ್ಥಿರತೆ ಇನ್ನೂ ಮುಖ್ಯ. ಸೀರಂ ಇಲ್ಲದ, ಪಿಹೆಚ್ 7.2ರ ಬಫರಿನಲ್ಲಿ 37 ಡಿಗ್ರಿಗೆ ಕರ್ಕ್ಯುಮಿನ್ ಅರ್ಧ ಗಂಟೆಯಲ್ಲಿ ಸುಮಾರು ಶೇಕಡಾ 90 ಒಡೆದುಹೋಗುತ್ತದೆ. ಶೇಕಡಾ 10 ಸೀರಂ ಇದ್ದರೆ ಎಂಟು ಗಂಟೆಗೆ ಅರ್ಧ ಉಳಿಯಬಹುದು. 72 ಗಂಟೆಯ ಐಸಿ50 (ಅರ್ಧದಷ್ಟು ತಡೆಯುವ ಸಾಂದ್ರತೆ) ಅಂದರೆ ಯಾವುದರ ಐಸಿ50? ಕೋಶವಿಲ್ಲದ ಮೀಡಿಯಾದಲ್ಲಿ 0, 2, 8, 24, 72 ಗಂಟೆಯ ಮಾದರಿ ತೆಗೆದು ಎಚ್‌ಪಿಎಲ್‌ಸಿಯಲ್ಲಿ (ಸಂಯುಕ್ತಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ನೋಡಿ. ಅಂದಹಾಗೆ "ಕರ್ಕ್ಯುಮಿನ್" ಎಂದು ಮಾರುವ ಪುಡಿ ಎಷ್ಟೋ ಸಲ ಮೂರು ಕರ್ಕ್ಯುಮಿನಾಯ್ಡ್‌ಗಳ ಮಿಶ್ರಣ, ಮುಖ್ಯದ್ದು ಮುಕ್ಕಾಲು ಭಾಗವಷ್ಟೇ ಇರುತ್ತದೆ. ಪ್ಲಂಬಾಜಿನ್‌ಗೆ ಬೆಳಕು ಆಗದು, ಜೊತೆಗೆ ಆವಿಯಾಗುವ ಗುಣವೂ ಇದೆ. ಅದರ ಹೆಚ್ಚಿನ ಸಾಂದ್ರತೆಯ ಪಕ್ಕದಲ್ಲೇ ಕಂಟ್ರೋಲ್ ಇಡಬೇಡಿ, ಗಾಳಿಯಾಡುವ ಸೀಲಿಂಗ್ ಫಿಲ್ಮ್ ಹಾಕಿ.

ಪ್ಲಂಬಾಜಿನ್ ಕ್ವಿನೋನ್ ಆದ್ದರಿಂದ ರೆಡಾಕ್ಸ್ ಚಕ್ರ ಸುತ್ತಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಗ್ಯಾಲಿಕ್ ಆಮ್ಲ, ಇಜಿಸಿಜಿಯಂಥವು ಮೀಡಿಯಾದಲ್ಲೇ, ಕೋಶ ಇಲ್ಲದಿದ್ದರೂ, ಈ ಕೆಲಸ ಮಾಡುತ್ತವೆ. ಮೀಡಿಯಾಕ್ಕೆ ಮಿಲಿಲೀಟರಿಗೆ 200 ಯೂನಿಟ್ ಕ್ಯಾಟಲೇಸ್ (ಪೆರಾಕ್ಸೈಡ್ ಒಡೆಯುವ ಕಿಣ್ವ) ಸೇರಿಸಿ, ಪಕ್ಕದಲ್ಲಿ ಕುದಿಸಿ ಕೊಂದ ಕ್ಯಾಟಲೇಸ್ ಇಟ್ಟು ಹೋಲಿಸಿ. ಜೀವಂತ ಕಿಣ್ವ ಹಾಕಿದಾಗ ಮಾತ್ರ ವಿಷಗುಣ ಮಾಯವಾದರೆ ಕೊಂದದ್ದು ಹೊರಗಿನ ಪೆರಾಕ್ಸೈಡ್. ಇಲ್ಲೊಂದು ಸಣ್ಣ ವಿಷಯ ಬಹಳ ಜನರ ಕಣ್ಣು ತಪ್ಪುತ್ತದೆ: ಪೈರುವೇಟ್ ಪೆರಾಕ್ಸೈಡನ್ನು ನುಂಗುತ್ತದೆ. ಹ್ಯಾಮ್ಸ್ ಎಫ್-12ರಲ್ಲಿ ಸುಮಾರು 1 ಮಿಲಿಮೋಲಾರ್ ಪೈರುವೇಟ್ ಇದೆ, ಮಾಮೂಲಿ ಆರ್‌ಪಿಎಂಐ-1640ರಲ್ಲಿ ಇಲ್ಲ. ಒಂದು ಲೈನ್ ಅದರಲ್ಲಿ, ಇನ್ನೊಂದು ಇದರಲ್ಲಿ ಬೆಳೆದರೆ "ಹುಸಿಸಿಟಿ-1 ಹೆಚ್ಚು ಸೂಕ್ಷ್ಮ" ಎಂಬ ಫಲಿತಾಂಶ ಬರೀ ಮೀಡಿಯಾದ್ದಾಗಿರಬಹುದು.

ಗಿಡಮೂಲ_ಬೆಂಚು

ಇಬ್ಬರಿಗೂ ಧನ್ಯವಾದ. ಎಸ್‌ಆರ್‌ಬಿಗೆ ಬದಲಾಯಿಸುತ್ತೇನೆ, ಎಲ್ಲ ಲೈನ್‌ಗಳನ್ನೂ ಒಂದೇ ಮೀಡಿಯಾಕ್ಕೆ ಒಗ್ಗಿಸಿ ನೋಡುತ್ತೇನೆ. ಎರಡು ಅನುಮಾನ. ಎನ್‌ಎಸಿ 5 ಮಿಲಿಮೋಲಾರ್ ಮೊದಲೇ ಹಾಕಿದಾಗ ಪ್ಲಂಬಾಜಿನ್ ಪರಿಣಾಮ ಪೂರ್ತಿ ನಿಂತರೆ ಆರ್‌ಓಎಸ್ (ಪೆರಾಕ್ಸೈಡ್‌ನಂಥ ತೀಕ್ಷ್ಣ ಆಮ್ಲಜನಕ ರೂಪಗಳು) ಮೂಲಕವೇ ಸಾವು ಎಂದು ಬರೆಯಬಹುದಲ್ಲವೇ? ಮತ್ತು ಜೆಮ್ಸಿಟಬಿನ್, ಸಿಸ್‌ಪ್ಲಾಟಿನ್ ಸೇರಿಸುವಾಗ ವಿನ್ಯಾಸ ಹೇಗಿರಬೇಕು?

ದ್ವಿಔಷಧಿ

ಬರೆಯುವಂತಿಲ್ಲ. ಎನ್‌ಎಸಿ ಒಂದು ಥಯೋಲ್, ಅಂದರೆ ಗಂಧಕ-ಹೈಡ್ರೋಜನ್ ಗುಂಪು ಇರುವ ಸಂಯುಕ್ತ. ಪ್ಲಂಬಾಜಿನ್, ಅಶ್ವಗಂಧದ ವಿಥಾಫೆರಿನ್ ಎ, ಹಿಪ್ಪಲಿಯ ಪೈಪರ್‌ಲಾಂಗುಮಿನ್ ಇವೆಲ್ಲ ಥಯೋಲ್‌ಗೆ ನೇರವಾಗಿ ಅಂಟುವ ಮೈಕಲ್ ಸ್ವೀಕಾರಿಗಳು. 5 ಮಿಲಿಮೋಲಾರ್ ಎನ್‌ಎಸಿ ಎದುರಿಗೆ 5 ಮೈಕ್ರೋಮೋಲಾರ್ ಪ್ಲಂಬಾಜಿನ್ ಇಟ್ಟರೆ ಸಾವಿರ ಪಟ್ಟು ಥಯೋಲ್, ಸಂಯುಕ್ತ ಕೋಶ ಮುಟ್ಟುವ ಮೊದಲೇ ಮುಗಿದಿರುತ್ತದೆ. ಎರಡನ್ನೂ ಕೋಶವಿಲ್ಲದೆ ಬೆರೆಸಿ ಎಚ್‌ಪಿಎಲ್‌ಸಿಯಲ್ಲಿ ಪ್ಲಂಬಾಜಿನ್ ಶಿಖರ ಕರಗುತ್ತದೆಯೇ ನೋಡಿ. ಥಯೋಲ್ ಅಲ್ಲದ ಆಂಟಿಆಕ್ಸಿಡೆಂಟ್ ಟ್ರೋಲಾಕ್ಸ್, ಕ್ಯಾಟಲೇಸ್ ಇವೂ ತಡೆದರೆ ಆರ್‌ಓಎಸ್ ವಾದಕ್ಕೆ ಬಲ. ಎನ್‌ಎಸಿ ಮಾತ್ರ ತಡೆದು ಇವು ತಡೆಯದಿದ್ದರೆ ಕೋಶದ ಪ್ರೋಟೀನುಗಳ ಸಿಸ್ಟೀನ್‌ಗೆ ಅಂಟಿಯೇ ಸಂಯುಕ್ತ ಕೊಲ್ಲುತ್ತಿರುವ ಸಾಧ್ಯತೆ ಹೆಚ್ಚು. ಎನ್‌ಎಸಿ ದ್ರಾವಣ ಹುಳಿ, ಪಿಹೆಚ್ 7.4ಕ್ಕೆ ತಂದೇ ಹಾಕಿ.

ಸಿಸ್‌ಪ್ಲಾಟಿನ್ ಅನ್ನು ಡಿಎಂಎಸ್‌ಒದಲ್ಲಿ ಕರಗಿಸಲೇಬೇಡಿ. ಡಿಎಂಎಸ್‌ಒ ಪ್ಲಾಟಿನಂಗೆ ಅಂಟಿ ಕ್ಲೋರೈಡನ್ನು ಹೊರದೂಡುತ್ತದೆ, ಔಷಧಿಯ ಗುಣ ಹಾಳು. ಶೇಕಡಾ 0.9 ಸಲೈನ್‌ನಲ್ಲಿ ಮಿಲಿಲೀಟರಿಗೆ 1 ಮಿಲಿಗ್ರಾಂ ಕರಗುತ್ತದೆ, ಅದು 3.3 ಮಿಲಿಮೋಲಾರ್. ಕತ್ತಲಲ್ಲಿ, ಕೋಣೆಯ ಉಷ್ಣತೆಯಲ್ಲಿಡಿ. ಫ್ರಿಜ್‌ನಲ್ಲಿಟ್ಟರೆ ಹರಳುಗಟ್ಟುತ್ತದೆ. ಇದು ಸ್ಟಾಕಿನ ಮಾತಾಯಿತು. ಸಂಯುಕ್ತದ ಜೊತೆ ಬಂದ ಡಿಎಂಎಸ್‌ಒ ಕೂಡ ವೆಲ್‌ನಲ್ಲಿ ಇರುತ್ತದಲ್ಲ! ಶೇಕಡಾ 0.5 ಎಂದರೆ ಸುಮಾರು 70 ಮಿಲಿಮೋಲಾರ್, 10 ಮೈಕ್ರೋಮೋಲಾರ್ ಸಿಸ್‌ಪ್ಲಾಟಿನ್‌ಗೆ ಏಳು ಸಾವಿರ ಪಟ್ಟು. ಸಾರ_ಶೋಧಕ ಹೇಳಿದ ಶೇಕಡಾ 0.1 ಇಲ್ಲಿ ಇನ್ನಷ್ಟು ಮುಖ್ಯವಾಗುತ್ತದೆ. "ಸಿಸ್‌ಪ್ಲಾಟಿನ್ ಮತ್ತು ಬರೀ ಡಿಎಂಎಸ್‌ಒ" ಎಂಬ ಕಂಟ್ರೋಲ್ ಇರಲೇಬೇಕು. ಜೆಮ್ಸಿಟಬಿನ್ ಹೈಡ್ರೋಕ್ಲೋರೈಡ್ ನೀರಿನಲ್ಲೇ ಕರಗುತ್ತದೆ, ಅದರ ತಲೆನೋವಿಲ್ಲ.

ಈ ಎರಡನ್ನು ಆರಿಸಿದ್ದು ಸರಿ. 2010ರಲ್ಲಿ ಪ್ರಕಟವಾದ ಎಬಿಸಿ-02 ಪ್ರಯೋಗದಲ್ಲಿ ಜೆಮ್ಸಿಟಬಿನ್ ಒಂದೇ ಕೊಟ್ಟಾಗ ರೋಗಿಗಳ ಜೀವಿತಾವಧಿಯ ಮಧ್ಯಾಂಕ 8.1 ತಿಂಗಳು, ಸಿಸ್‌ಪ್ಲಾಟಿನ್ ಸೇರಿಸಿದಾಗ 11.7. ಹಾಗಾಗಿ ಹೊಸ ಸಂಯುಕ್ತ ಯಾವುದೇ ಆಗಲಿ ಈ ಜೋಡಿಯ ಮೇಲೆ ಏನು ಸೇರಿಸುತ್ತದೆ ಎಂಬುದೇ ಪ್ರಶ್ನೆ.

ವಿನ್ಯಾಸ: 6×6 ಮ್ಯಾಟ್ರಿಕ್ಸ್, ಪ್ರತಿ ಔಷಧಿಗೂ ಸೊನ್ನೆ ಮತ್ತು ಐಸಿ50ರ ಆಚೀಚೆ ಐದು ಸಾಂದ್ರತೆ, ಬೇರೆ ಬೇರೆ ಪ್ಯಾಸೇಜಿನ (ಹೊಸ ತಟ್ಟೆಗೆ ದಾಟಿಸಿ ಬೆಳೆಸಿದ ತಲೆಮಾರಿನ) ಕೋಶಗಳಲ್ಲಿ ಮೂರು ಸಲ. ಜೋಡಿ ಪರಿಣಾಮ ಅಳೆಯುವ ಬ್ಲಿಸ್ ಮತ್ತು ಚೌ-ತಲಾಲೆ ಲೆಕ್ಕಗಳೆರಡರಲ್ಲೂ ನೋಡಿ, ಒಂದರಲ್ಲಿ ಮಾತ್ರ ಸಿನರ್ಜಿ (ಕೂಡಿದ್ದಕ್ಕಿಂತ ಹೆಚ್ಚಿನ ಪರಿಣಾಮ) ಕಂಡರೆ ಅನುಮಾನಪಡಿ. ಶೇಕಡಾ 20 ತಡೆಯ ಹತ್ತಿರ ಚೌ-ತಲಾಲೆಯ ಸಿಐ (1ಕ್ಕಿಂತ ಕಡಿಮೆ ಎಂದರೆ ಸಿನರ್ಜಿ) 0.6 ಬಂದು ಉಪಯೋಗವಿಲ್ಲ, ಕ್ಯಾನ್ಸರ್‌ನಲ್ಲಿ ಶೇಕಡಾ 75ರ ಮೇಲಿನ ಪರಿಣಾಮದಲ್ಲಿ ಬರಬೇಕು. ಕೊಡುವ ಕ್ರಮವನ್ನೂ ಬದಲಿಸಿ: ಒಟ್ಟಿಗೆ, ಸಂಯುಕ್ತ 24 ಗಂಟೆ ಮೊದಲು, ಜೆಮ್ಸಿಟಬಿನ್ 24 ಗಂಟೆ ಮೊದಲು. ಜೆಮ್ಸಿಟಬಿನ್ ಡಿಎನ್‌ಎ ನಕಲಾಗುವ ಎಸ್ ಹಂತದಲ್ಲಿ ಕೆಲಸ ಮಾಡುತ್ತದೆ. ಮೊದಲೇ ಹಾಕಿದ ಸಂಯುಕ್ತ ಕೋಶಗಳನ್ನು ಜಿ1ರಲ್ಲಿ ನಿಲ್ಲಿಸಿಬಿಟ್ಟರೆ ಅದು ಜೆಮ್ಸಿಟಬಿನ್‌ನಿಂದ ಕೋಶವನ್ನು ಕಾಪಾಡಿದಂತೆ.

ಫ್ಲೋ ಬಗ್ಗೆ ಒಂದೇ ಮಾತು: ಕರ್ಕ್ಯುಮಿನ್, ಬರ್ಬೆರಿನ್ ಎರಡೂ ತಾವೇ ಹಸಿರಾಗಿ ಹೊಳೆಯುತ್ತವೆ, ಫಿಟ್ಸಿ ಚಾನೆಲ್ಲಿನಲ್ಲಿ ಎಲ್ಲ ಕೋಶವೂ ಅಪೋಪ್ಟೋಸಿಸ್ (ಕೋಶದ ಕ್ರಮಬದ್ಧ ಸಾವು) ಎಂದು ತೋರುತ್ತದೆ. ಕೆಂಪಾಗಿ ಹೊಳೆಯುವ ಎಪಿಸಿ-ಅನೆಕ್ಸಿನ್ ತೆಗೆದುಕೊಳ್ಳಿ, ಸಂಯುಕ್ತ ಹಾಕಿದ ಆದರೆ ಬಣ್ಣ ಹಾಕದ ಮಾದರಿಯನ್ನೂ ಓಡಿಸಿ. ತೇಲುವ ಕೋಶಗಳನ್ನು ಚೆಲ್ಲಬೇಡಿ, ಸತ್ತವು ಅಲ್ಲೇ ಇರುವುದು. ಅನೆಕ್ಸಿನ್ ಅಂಟಲು ಕ್ಯಾಲ್ಸಿಯಂ ಬೇಕು, ಟ್ರಿಪ್ಸಿನ್ ಜೊತೆಯ ಇಡಿಟಿಎ ಪೂರ್ತಿ ತೊಳೆದುಹೋಗಲಿ.

ಪಿತ್ತಕೋಶ_ವಾರ್ಡ್

ಮೇಲಿನವರು ತಟ್ಟೆಯ ಮಾತು ಹೇಳಿದರು, ನಾನು ದೇಹದ ಕಡೆಯಿಂದ ಒಂದಿಷ್ಟು. ದಿನಕ್ಕೆ ಹಲವು ಗ್ರಾಂ ಕರ್ಕ್ಯುಮಿನ್ ನುಂಗಿಸಿದರೂ ರಕ್ತದಲ್ಲಿ ಮುಕ್ತ ರೂಪ ಸಿಗುವುದು ನ್ಯಾನೋಮೋಲಾರ್‌ಗಳಲ್ಲಿ, ಹೆಚ್ಚೆಂದರೆ ಒಂದೆರಡು ಮೈಕ್ರೋಮೋಲಾರ್. ಬರ್ಬೆರಿನ್ ಬಾಯಿಂದ ಕೊಟ್ಟರೆ ಶೇಕಡಾ 1ಕ್ಕಿಂತ ಕಡಿಮೆ ರಕ್ತ ಸೇರುತ್ತದೆ. ಐಸಿ50 ಬರೆಯುವ ಪುಟದಲ್ಲೇ ಈ ಅಂಕಿಯನ್ನೂ ಬರೆದಿಟ್ಟುಕೊಳ್ಳಿ.

"ಪಿತ್ತದ ಮೂಲಕ ಹೊರಹೋಗುವುದರಿಂದ ಪಿತ್ತನಾಳದಲ್ಲಿ ಸಾಂದ್ರತೆ ಹೆಚ್ಚಿರುತ್ತದೆ" ಎಂಬ ವಾದ ಈ ಕಾಯಿಲೆಯಲ್ಲಿ ಪದೇ ಪದೇ ಬರುತ್ತದೆ. ಪಿತ್ತಕ್ಕೆ ಹೋಗುವುದು ಬಹುತೇಕ ಗ್ಲೂಕುರೊನೈಡ್ ಆಗಿ (ದೇಹ ಸಕ್ಕರೆ ಆಮ್ಲ ಜೋಡಿಸಿ) ಬದಲಾದ ರೂಪ. ನಿಮ್ಮ ತಟ್ಟೆಯಲ್ಲಿ ಪರೀಕ್ಷಿಸಿದ್ದು ಮೂಲ ರೂಪ. ಗ್ಲೂಕುರೊನೈಡನ್ನೂ ಕೋಶಗಳ ಮೇಲೆ ಹಾಕಿ ನೋಡದೆ ಆ ವಾದ ಮಾಡಬೇಡಿ. ಇನ್ನೊಂದು, ನಾಳ ಕಟ್ಟಿಕೊಂಡ ರೋಗಿಯಲ್ಲಿ ಪಿತ್ತದ ಹರಿವೇ ಇರುವುದಿಲ್ಲ.

ಇದನ್ನು ಓದುವ ರೋಗಿಗಳ ಮನೆಯವರಿಗೂ ಹೇಳಬೇಕು: ತಟ್ಟೆಯ ಫಲಿತಾಂಶ ನೋಡಿ ಮಾತ್ರೆ ಶುರು ಮಾಡಬೇಡಿ. ಕರಿಮೆಣಸಿನ ಪೈಪರಿನ್ ಬೆರೆಸಿದ ಅರಿಶಿನದ ಮಾತ್ರೆ, ಗ್ರೀನ್ ಟೀ ಸಾರ, ಅಶ್ವಗಂಧ, ಅಮೃತಬಳ್ಳಿ ಇವೆಲ್ಲದರಿಂದಲೂ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ದಾಖಲಾಗಿವೆ. ಬಿಲಿರುಬಿನ್ ಆಗಲೇ ಏರಿರುವವರಲ್ಲಿ ಇನ್ನಷ್ಟು ಏರಿದರೆ ಕಾರಣ ಸ್ಟೆಂಟೋ, ಗೆಡ್ಡೆಯೋ, ಮಾತ್ರೆಯೋ ತಿಳಿಯದೆ ಕೀಮೋ ಮುಂದಕ್ಕೆ ಹೋಗುತ್ತದೆ. ತೆಗೆದುಕೊಳ್ಳುತ್ತಿದ್ದರೆ ಚಿಕಿತ್ಸೆ ಕೊಡುವ ವೈದ್ಯರಿಗೆ ಹೆಸರು ಸಮೇತ ತಿಳಿಸಿ.

ಸಸ್ಯದಿಂದ ಏನೂ ಬರುವುದಿಲ್ಲ ಎಂದಲ್ಲ. ಇರಿನೋಟಿಕಾನ್ ಮೂಲ ಕ್ಯಾಂಪ್ಟೋಥೆಸಿನ್ ಗಿಡದ್ದೇ. ಥಾಯ್ಲೆಂಡಿನಲ್ಲಿ ಅಟ್ರಾಕ್ಟಿಲೋಡೀಸ್ ಲಾನ್ಸಿಯಾದ ಪ್ರಮಾಣೀಕೃತ ಸಾರ ಆರೋಗ್ಯವಂತರ ಹಂತ ದಾಟಿ ಪಿತ್ತನಾಳದ ಕ್ಯಾನ್ಸರ್ ರೋಗಿಗಳ ಪ್ರಯೋಗದವರೆಗೆ ಹೋಗಿದೆ.

ಗಿಡಮೂಲ_ಬೆಂಚು

ಮುಂದೆ ಪ್ರಾಣಿಗಳಿಗೆ ಹೋಗುವುದಾದರೆ ಬರಿಮೈ ಇಲಿಯ (ನ್ಯೂಡ್ ಮೌಸ್) ಚರ್ಮದಡಿಯ ಗೆಡ್ಡೆಯೋ, ಥಾಯ್ಲೆಂಡಿನವರು ಬಳಸುವ ಹ್ಯಾಮ್‌ಸ್ಟರೋ?

ಕೋಶಸಂಗಾತಿ

ಎರಡೂ ಉತ್ತರಿಸುವ ಪ್ರಶ್ನೆ ಬೇರೆ. ಚರ್ಮದಡಿಯ ಗೆಡ್ಡೆ ಬೇಗ ಬೆಳೆಯುತ್ತದೆ, ಅಳೆಯುವುದು ಸುಲಭ. ಆದರೆ ಅಲ್ಲಿ ಪಿತ್ತವಿಲ್ಲ, ಈ ಕ್ಯಾನ್ಸರಿನ ಗುರುತಾದ ದಟ್ಟ ನಾರಿನ ಅಂಗಾಂಶವೂ ಸರಿಯಾಗಿ ಬರುವುದಿಲ್ಲ. ಗೆಡ್ಡೆ 100 ಘನ ಮಿಲಿಮೀಟರ್ ಆದ ಮೇಲೆಯೇ ಪ್ರಾಣಿಗಳನ್ನು ಗುಂಪುಗಳಿಗೆ ಚೀಟಿ ಎತ್ತಿ ಹಂಚಿ. ಕೋಶ ಚುಚ್ಚಿದ ದಿನವೇ ಔಷಧಿ ಶುರು ಮಾಡಿದರೆ ಬೇರೂರುವುದನ್ನು ತಡೆದಿರೇ ಹೊರತು ಚಿಕಿತ್ಸೆ ಕೊಟ್ಟಂತಾಗಲಿಲ್ಲ.

ಹ್ಯಾಮ್‌ಸ್ಟರ್ ಮಾದರಿಯಲ್ಲಿ ಒಪಿಸ್ಥಾರ್ಕಿಸ್ ವಿವೆರಿನಿ ಎಂಬ ಯಕೃತ್ ಹುಳದ 50 ಮೆಟಾಸರ್ಕೇರಿಯಾ (ಮರಿ ಹಂತ) ನುಂಗಿಸಿ, ಕುಡಿಯುವ ನೀರಿನಲ್ಲಿ 12.5 ಪಿಪಿಎಂ ಎನ್‌ಡಿಎಂಎ ರಾಸಾಯನಿಕ ಎರಡು ತಿಂಗಳು ಕೊಡುತ್ತಾರೆ. ಗೆಡ್ಡೆ ಪಿತ್ತನಾಳದಲ್ಲೇ, ಉರಿಯೂತದ ನಡುವೆಯೇ ಹುಟ್ಟುತ್ತದೆ. ತೊಡಕು ಅಲ್ಲೇ ಇದೆ: ಸಂಯುಕ್ತ ಹುಳವನ್ನು ಕೊಂದರೂ ಕ್ಯಾನ್ಸರ್ ಕಡಿಮೆಯಾಗುತ್ತದೆ, ಉರಿಯೂತ ಇಳಿಸಿದರೂ ಕಡಿಮೆಯಾಗುತ್ತದೆ. ಮಲದಲ್ಲಿ ಮೊಟ್ಟೆ ಎಣಿಸಿ, ಕೊನೆಯಲ್ಲಿ ಹುಳಗಳನ್ನೂ ಎಣಿಸಿ, ಹುಳ ಕೊಲ್ಲುವ ಪ್ರಾಜಿಕ್ವಾಂಟೆಲ್ ಕೊಟ್ಟ ಗುಂಪೊಂದನ್ನು ಇಡಿ. ಎನ್‌ಡಿಎಂಎ ಬಲವಾದ ಕಾರ್ಸಿನೋಜೆನ್, ಆವಿಯಾಗುತ್ತದೆ ಕೂಡ. ಅದಕ್ಕೆ ತಕ್ಕ ಹುಡ್, ಪಂಜರದ ಹಾಸು ವಿಲೇವಾರಿ ವ್ಯವಸ್ಥೆ ಇಲ್ಲದ ಕಡೆ ಈ ಮಾದರಿಗೆ ಕೈಹಾಕಬಾರದು.

ಡೋಸ್ ಆರಿಸುವಾಗ ಇಲಿಯ (ಮೌಸ್, ದೊಡ್ಡ ರ‍್ಯಾಟ್ ಅಲ್ಲ) ಮಿಲಿಗ್ರಾಂ-ಪ್ರತಿ-ಕಿಲೋವನ್ನು 12.3ರಿಂದ, ಹ್ಯಾಮ್‌ಸ್ಟರಿನದನ್ನು 7.4ರಿಂದ ಭಾಗಿಸಿದರೆ ಮನುಷ್ಯರ ಸಮಾನ ಡೋಸ್ ಅಂದಾಜು ಸಿಗುತ್ತದೆ. ಇಲಿಗೆ 100 ಕೊಟ್ಟರೆ ಮನುಷ್ಯರಲ್ಲಿ ಸುಮಾರು 8, ಅರವತ್ತು ಕಿಲೋದವರಿಗೆ ಅರ್ಧ ಗ್ರಾಂ ಹತ್ತಿರ. ಎಥಿಕ್ಸ್ ಸಮಿತಿಗೆ ಬರೆಯುವ ಮೊದಲು ಈ ಭಾಗಾಕಾರ ಮಾಡಿ, ಆ ಡೋಸ್‌ನಲ್ಲಿ ಇಲಿಯ ರಕ್ತದ ಮಟ್ಟ ಎಷ್ಟು ಬರುತ್ತದೆ ಎಂದು ಎರಡು ಮೂರು ಪ್ರಾಣಿಗಳಲ್ಲಿ ಮೊದಲು ಅಳೆಯಿರಿ. ಅದು ತಟ್ಟೆಯ ಐಸಿ50ರ ಹತ್ತಿರಕ್ಕೂ ಬರದಿದ್ದರೆ ದೊಡ್ಡ ಗುಂಪು ಹಾಕುವುದು ಬೇಡ.